ದೇವರ ಮಗುವಿಗೆ ಹಲ್ಲುನೋವು

ನಮ್ಮ ಬೀದಿಯಲ್ಲಿ ಒಬ್ಬನಿದ್ದಾನೆ, ಅವನಿಗೆ 32 ವರ್ಷ. ಗಡ್ಡ ಬಂದು ಎಷ್ಟೋ ಕಾಲವಾಯಿತು, ನೆತ್ತಿಯ ಕೂದಲೂ ಉದುರುತ್ತಿದೆ. ಬೀದಿಯವರಿಗೆ ಮಾತ್ರ ಇನ್ನೂ ‘ದೇವರ ಮಗು’. ಈ ದೇವರ ಮಗುವಿನ ಪಕ್ಕದ ಮನೆಗೆ ಬಾಡಿಗೆಗೆ ಬರಲು ಒಬ್ಬ ಭಕ್ತನೂ ಒಪ್ಪುವುದಿಲ್ಲ.

ಹೋದ ವರ್ಷ ಅವನು ತನ್ನ ಬಲಗೆನ್ನೆಗೆ ತಾನೇ ಗುದ್ದಿಕೊಳ್ಳತೊಡಗಿದ. ತಟ್ಟೆ ಎಸೆದ. ತಡೆಯಲು ಹೋದ ಅಮ್ಮನ ಕೈ ಕಚ್ಚಿದ.

ತಜ್ಞರು ಸೇರಿದರು, ಅಂದರೆ ನೆಂಟರು. ಅತ್ತೆ ‘ಗಾಳಿ ಸೋಕಿದೆ’ ಅಂದರು. ತಾಯಿತ ಬಂತು. ಚಿಕ್ಕಪ್ಪ ‘ಎರಡೇಟು ಬಿಟ್ಟರೆ ಸರಿಹೋಗುತ್ತಾನೆ’ ಅಂದರು, ಬಿಟ್ಟೂ ಬಿಟ್ಟರು. ಹೊಡೆಯಬಾರದು ಅಂತ ಹೊಡೆದೇ ಕಲಿಸಬೇಕಲ್ಲ!

ಆಮೇಲೆ ಡಾಕ್ಟರು. ‘ಇಂಥವರು ಹೀಗೇ’ ಅಂದು ಮನೋರೋಗದ ಮಾತ್ರೆ ಬರೆದರು. ಅವನದು ಬೌದ್ಧಿಕ ಅಂಗವೈಕಲ್ಯ, ಮನೋರೋಗವಲ್ಲ. ಎರಡೂ ಬೇರೆ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಬರೆದಿದೆ. ಓದುವಷ್ಟು ಪುರಸೊತ್ತು ಯಾರಿಗಿದೆ? ಅವನು ಜೊಲ್ಲು ಸುರಿಸುತ್ತ ಮೂಲೆ ಹಿಡಿದ. ಬೀದಿ ಅಂದಿತು: ‘ಎಷ್ಟು ಸುಧಾರಿಸಿದ್ದಾನೆ ನೋಡಿ!’

ಕೊನೆಗೆ ಅವನ ಹಳೆಯ ಶಾಲೆಯ ಟೀಚರ್ ಒಬ್ಬರು ಹತ್ತು ರೂಪಾಯಿಯ ನೋಟ್‌ಬುಕ್ ತರಿಸಿದರು. ‘ಗುದ್ದಿಕೊಳ್ಳುವ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನೀವೇನು ಮಾಡಿದಿರಿ, ದಿನಾ ಬರೀರಿ ಅಮ್ಮಾ’ ಅಂದರು. ವಾರದಲ್ಲಿ ಗುಟ್ಟು ಬಯಲಾಯಿತು. ಬಿಸಿ ಕಾಫಿ ಕುಡಿದಾಗ ಗುದ್ದು. ಚಪಾತಿ ತಿಂದಾಗ ಗುದ್ದು. ಗಂಜಿ ಕುಡಿದ ದಿನ ಶಾಂತಿ.

ಬಾಯಿ ತೆರೆಸಿ ನೋಡಿದರು. ಬಲಗಡೆಯ ದವಡೆಹಲ್ಲು ಹುಳುಕು ಹಿಡಿದು ಕಪ್ಪಾಗಿತ್ತು.

ಮಾತು ಬಾರದವನು ಕೆನ್ನೆಗೆ ಗುದ್ದಿ ಗುದ್ದಿ ಜಾಗ ತೋರಿಸುತ್ತಿದ್ದ. ಮಾತು ಬಲ್ಲ ನಾವು ಅದಕ್ಕೆ ‘ವರ್ತನೆಯ ಸಮಸ್ಯೆ’ ಅಂತ ಹೆಸರಿಟ್ಟೆವು. ಒಬ್ಬನಿಗೆ ಹಲ್ಲುನೋವು, ಇನ್ನೊಬ್ಬನಿಗೆ ಕಿವಿನೋವು, ಮತ್ತೊಬ್ಬನಿಗೆ ಮಲಬದ್ಧತೆ. ಏನೂ ಇಲ್ಲದಿದ್ದರೆ ಬೆಳಗಿಂದ ರಾತ್ರಿವರೆಗೆ ಗೋಡೆ ನೋಡುವ ಬೇಸರ.

ಕಾನೂನಿಗೇನೂ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕೊಟ್ಟಿದೆ. 19ಕ್ಕೆ? ಅದೇ ಗೋಡೆ. ಜನರೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷ ಜೈಲು. ಅದೊಂದು ಜಾರಿಯಾದರೂ ನಮ್ಮ ಬೀದಿ ಅರ್ಧ ಖಾಲಿಯಾಗುತ್ತದೆ.

ಹೋದ ಡಿಸೆಂಬರ್ 3, ಅಂಗವಿಕಲರ ದಿನಾಚರಣೆ. ಶಾಮಿಯಾನ, ಹಾರ, ಬಾಳೆಹಣ್ಣು. ಮುಖ್ಯ ಅತಿಥಿ ಬಂದದ್ದು ಎರಡು ಗಂಟೆ ತಡವಾಗಿ. ಮೈಕಿನ ಪಕ್ಕದಲ್ಲಿ ಕೂತು ಕೂತು ಸಾಕಾಗಿ ನಮ್ಮ ‘ದೇವರ ಮಗು’ ಕಿರುಚಿತು. ‘ವರ್ತನೆ ಸರಿಯಿಲ್ಲ’ ಅಂತ ಹೊರಗೆ ಕರೆದೊಯ್ದರು. ಒಳಗೆ ಅತಿಥಿ ದೇವರ ಮಕ್ಕಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು.

ಆ ವರ್ತನೆಗೆ ಮಾತ್ರೆ ಬರೆಯುವ ಡಾಕ್ಟರು ಇನ್ನೂ ಸಿಕ್ಕಿಲ್ಲ.