ನೀವು, ನಿಮ್ಮ ಎಕ್ಸೆಲ್ ಶೀಟು ಮತ್ತು ಸ್ಟ್ರಾಸ್‌ಬರ್ಗು

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ನೀವಿರೋದು ಜರ್ಮನಿಯ ಸ್ಟುಟ್‌ಗಾರ್ಟ್. ವೀಕೆಂಡಿಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ತೋರಿಸ್ಕೊಂಡು ಬರೋಣ ಅಂತ ಹೊರಟಿದ್ದೀರಿ. ಟ್ರೈನಲ್ಲಿ ಒಂದೂವರೆ ಗಂಟೆಯೂ ಆಗಲ್ಲ. ಅಷ್ಟಕ್ಕೆ ಆ ಎಕ್ಸೆಲ್ ಶೀಟ್ ಯಾಕ್ರೀ? ಬಚ್ಚಿಡಬೇಡಿ, ನೋಡಿಬಿಟ್ಟೆ. 'ಟಾಯ್ಲೆಟ್: 5 ನಿಮಿಷ' ಅಂತ ಬೇರೆ ಬರೆದಿದ್ದೀರಿ (ಆರು ಜನಕ್ಕೆ!).

ಮೊದಲು ಕೆಥೆಡ್ರಲ್. ಕೆಂಪು ಮರಳುಗಲ್ಲು, 142 ಮೀಟರ್ ಎತ್ತರ. 1647ರಿಂದ 1874ರವರೆಗೆ ಜಗತ್ತಿನ ಅತಿ ಎತ್ತರದ ಕಟ್ಟಡ ಇದೇ ಆಗಿತ್ತು. ಎರಡು ಶಿಖರ ಇರಬೇಕಾದ ಕಡೆ ಒಂದೇ ಇದೆ, ಇನ್ನೊಂದು ಏಳಲೇ ಇಲ್ಲ. (ತಾರಸಿ ಮೇಲೆ ಕಂಬಿ ಬಿಟ್ಟು, 'ಮುಂದೆ ನೋಡೋಣ' ಅಂದ ನಿಮ್ಮ ಊರ ಮನೆ ಥರಾನೇ.)

ಇಲ್ಲಿ ಕಾನೂನು ಓದೋಕೆ ಬಂದಿದ್ದ ತರುಣ ಜರ್ಮನ್ ಕವಿ ಗಯಟೆಗೆ ಎತ್ತರ ಅಂದ್ರೆ ತಲೆಸುತ್ತು. ಆ ಭಯ ಬಿಡಿಸ್ಕೊಳ್ಳೋಕೆ ಅಂತಲೇ ಈ ಗೋಪುರ ಮತ್ತೆ ಮತ್ತೆ ಹತ್ತಿದ. ನೀವು? 300ಕ್ಕೂ ಹೆಚ್ಚು ಮೆಟ್ಟಿಲು ಅಂದ ಕೂಡಲೇ "ಅಮ್ಮನಿಗೆ ಮಂಡಿನೋವು" ಅಂತೀರಿ. ಪಾಪ, ಅಮ್ಮ ಹೋದ ವರ್ಷವಷ್ಟೇ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲಲ್ಲೇ ಹತ್ತಿದವರು!

ಒಳಗಿನ ಖಗೋಳ ಗಡಿಯಾರ ಮಾತ್ರ ನಿಮಗಾಗಿಯೇ ಮಾಡಿದ್ದು. ಈಗಿನ ಯಂತ್ರ ಶ್ವಿಲ್ಗೆ ಅನ್ನೋರದ್ದು, ಮುಗಿದಿದ್ದು 1843ಕ್ಕೆ. ಯೇಸುವಿನ ಮುಂದೆ ಹನ್ನೆರಡು ಜನ ಶಿಷ್ಯರು ಸಾಲಾಗಿ ಹೋಗ್ತಾರೆ, ಹುಂಜ ಮೂರು ಸಲ ಕೂಗುತ್ತೆ. ಇದೆಲ್ಲ ಆಗೋದು ಮಧ್ಯಾಹ್ನ ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ! (ಗಡಿಯಾರ ಊರಿನ ಹಳೇ ಸೂರ್ಯನ ಲೆಕ್ಕವನ್ನೇ ಹಿಡಿದಿದೆ.) ಆದ್ರೆ ಟಿಕೆಟ್ ತಗೊಂಡು ಮುಂಚೆಯೇ ಒಳಗಿರಬೇಕು. ಅರ್ಧ ಗಂಟೆ ಸಿಕ್ತು ಅಂತ ಮ್ಯಾಗ್ನೆಟ್ ಅಂಗಡಿಗೆ ನುಗ್ಗೀರಿ, ಜೋಕೆ.

ಆಮೇಲೆ ಊಟ. ಗೂಗಲ್‌ನಲ್ಲಿ 4.3 ಇರೋ ಹೋಟೆಲ್ಲೋ 4.5 ಇರೋದೋ ಅಂತ ಗಂಡ-ಹೆಂಡತಿ ಬೀದೀಲೇ ವಾದ. ಅಷ್ಟರಲ್ಲಿ ಎರಡು ದಾಟುತ್ತೆ, ಬಹಳಷ್ಟು ಕಡೆ ಅಡುಗೆಮನೆ ಬಂದ್. ಮತ್ತೆ ಒಲೆ ಹತ್ತೋದು ಸಂಜೆ ಏಳರ ಸುಮಾರಿಗೆ. ಆಗ ಅಮ್ಮನ ಬ್ಯಾಗಿಂದ ಪುಳಿಯೋಗರೆ ಡಬ್ಬಿ ಹೊರಬರುತ್ತೆ ನೋಡಿ! ("ಫ್ರಾನ್ಸಿಗೆ ಯಾರಮ್ಮಾ ಪುಳಿಯೋಗರೆ ತರ್ತಾರೆ?" ಅಂದಿದ್ದು ನೀವೇ ತಾನೇ?)

ಹೊತ್ತಿಗೆ ಸರಿಯಾಗಿ ಹೋದ್ರೆ ಟಾರ್ಟ್ ಫ್ಲಾಂಬೇ ತಿನ್ನಿ. ಹಿಟ್ಟು ತೆಳ್ಳಗೆ ಲಟ್ಟಿಸಿ, ಮೇಲೆ ಕ್ರೀಮು, ಈರುಳ್ಳಿ. ಹಂದಿಮಾಂಸದ ಚೂರೂ ಹಾಕ್ತಾರೆ, ಬೇಡವಾದ್ರೆ ಮೊದಲೇ ಹೇಳಿ. ನೀರಿನ ಬಾಟಲಿ ರೇಟಿಗೆ ಇಂಟು ನೂರು ಹಾಕಿ ಎದೆ ಹಿಡ್ಕೋಬೇಡಿ. ಊಟದ ಜೊತೆ ನಲ್ಲಿ ನೀರಿನ ಜಗ್ ಪುಕ್ಕಟೆ, ಕಾನೂನೇ ಇದೆ. ಕೇಳೋಕೆ ಮುಂಚೆ ಒಂದು 'ಬೊಂಜೂರ್' ಅನ್ನಿ, ಅಷ್ಟೇ.

ಕೊನೆಗೆ ಪೆಟಿಟ್ ಫ್ರಾನ್ಸ್. ಇಲ್ ನದಿ, ಮರದ ಚೌಕಟ್ಟಿನ ಮನೆಗಳು, ಕಿಟಕಿ ತುಂಬ ಹೂವು. ಸೆಲ್ಫಿಗೆ ಹೇಳಿ ಮಾಡಿಸಿದ ಜಾಗ, ಅಲ್ವಾ? ಹಿಂದೆ ಇದು ಚರ್ಮ ಹದ ಮಾಡೋರ ಕೇರಿ. ಮೇಲಿನ ತೆರೆದ ಅಟ್ಟಗಳು ತೊಗಲು ಒಣಗಿಸೋಕೆ ಇದ್ದವು. (ಈಗ ಮೂಗು ಮುಚ್ಚಿಕೊಂಡು ಸ್ಮೈಲ್ ಕೊಡಿ.)

ಅಲ್ಲೇ ನದಿ ಪಕ್ಕ ಅಪ್ಪ ಬೆಂಚ್ ಹಿಡಿದು ಕೂತಿರ್ತಾರೆ. ನೀವು "ಏಳಿ ಏಳಿ, ಇನ್ನೂ ನಾಲ್ಕು ಜಾಗ ಬಾಕಿ" ಅಂತೀರಿ. ಬಾಕಿ ಇರಲಿ ಬಿಡ್ರೀ! 1871ರಿಂದ 1944ರೊಳಗೆ ನಾಲ್ಕು ಸಲ ಜರ್ಮನಿ-ಫ್ರಾನ್ಸ್ ಅಂತ ಕೈ ಬದಲಾಯಿಸಿದ ಊರು, ಆದ್ರೂ ಇದ್ದಲ್ಲೇ ಇದೆ. ಬರೋ ವರ್ಷವೂ ಇರುತ್ತೆ. ಅಪ್ಪ-ಅಮ್ಮನ ವೀಸಾ ಮಾತ್ರ 90 ದಿನದ್ದು. ನೀವೂ ಸ್ವಲ್ಪ ಆ ಬೆಂಚಲ್ಲಿ ಕೂತ್ಕೊಳ್ಳಿ.