ಹುಬ್ಬತಲೈಯಲ್ಲಿ ಬೋನು ಆರಿಸುವ ಕ್ರಮ

ಈ ಕೈಪಿಡಿ ನೀಲಗಿರಿಯ ಹುಬ್ಬತಲೈ ಮತ್ತು ಸುತ್ತಲಿನ ಹಟ್ಟಿಗಳವರಿಗಾಗಿ. ಚಹಾ ತೋಟ, ಆಲೂಗಡ್ಡೆ ಹೊಲ, ಕಾಡು ಮೂರೂ ನಿಮ್ಮ ಮನೆಯ ಕೂಗಳತೆಯಲ್ಲಿದ್ದರೆ ಮುಂದೆ ಓದಿ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

ಮೊದಲು ಯಾವ ಪ್ರಾಣಿ ಬೇಕೆಂದು ತೀರ್ಮಾನಿಸಿ. ತುಪ್ಪಳವೇ ಗುರಿಯಾದರೆ ನೀಲಗಿರಿಯಲ್ಲಿ ಅದಕ್ಕೆ ಬರವಿಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಹಳದಿ ಕೊರಳಿನ ನೀಲಗಿರಿ ಮಾರ್ಟೆನ್ ಇಲ್ಲಿದೆ. ಆದರೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆಯೂ ಇಲ್ಲಿ ತುಪ್ಪಳದ ಕೋಟು ಕೇಳುವವರಿಲ್ಲ. ಸ್ವೆಟರ್, ಮಫ್ಲರ್, ಮಂಕಿ ಕ್ಯಾಪಿನಲ್ಲೇ ಚಳಿಗಾಲ ಕಳೆಯುತ್ತದೆ. ತುಪ್ಪಳದ ಮಾತು ಇಲ್ಲಿಗೆ ಸಾಕು. ನಿಮ್ಮ ನಿದ್ದೆ ಕೆಡಿಸಿರುವುದು ರಾತ್ರೋರಾತ್ರಿ ಆಲೂಗಡ್ಡೆ ಪಾತಿ ಉತ್ತು ಹೋಗುವ ಕಾಡುಹಂದಿ.

ವಿದೇಶಿ ಮಾದರಿ: ಕೆನಡಾದ ಫ್ರಾಂಕ್ ಕೋನಿಬೇರ್ ತಾನೇ ಬೇಟೆಗಾರ. ಕಾಲಿಗೆ ಕಚ್ಚುವ ಕತ್ತರಿಬೋನಿನಲ್ಲಿ ಪ್ರಾಣಿ ದಿನಗಟ್ಟಲೆ ನರಳುವುದನ್ನು ನೋಡಲಾರದೆ, ಕತ್ತು-ಎದೆಗೆ ಬಿಗಿದು ಬೇಗ ಕೊಲ್ಲುವ ಚೌಕದ ಬೋನನ್ನು 1950ರ ದಶಕದಲ್ಲಿ ಬಳಕೆಗೆ ತಂದ. ಅದು 110, 220, 330 ಎಂಬ ನಂಬರಿನಲ್ಲಿ, ಚಪ್ಪಲಿಯಂತೆ, ಅಳತೆ ನೋಡಿ ಕೊಳ್ಳುವ ವಸ್ತು: ಸಣ್ಣದು ಮಿಂಕ್‌ಗೆ, ನಡುವಿನದು ರಕೂನ್‌ಗೆ, 10 ಇಂಚಿನ ದೊಡ್ಡದು ಬೀವರ್‌ಗೆ. ಹುಬ್ಬತಲೈಯಲ್ಲಿ ಈ ಮೂರೂ ಇಲ್ಲ. ಇಲ್ಲಿ ಆ ಅಳತೆಗೆ ಸರಿಯಾಗಿ ತಲೆ ತೂರಿಸುವ ಪ್ರಾಣಿಯೆಂದರೆ ಪಕ್ಕದ ಮನೆಯ ನಾಯಿ. ಪಕ್ಕದ ಮನೆಯವರು ನಿಮಗೆ ಅಣ್ಣನೋ ಚಿಕ್ಕಪ್ಪನೋ ಆಗಿರುವ ಸಾಧ್ಯತೆ ಹೆಚ್ಚು. ಈ ಮಾದರಿ ಬೇಡ.

ದೇಶಿ ಮಾದರಿ: ಉರುಳು. ಹಳೇ ಬೈಕಿನ ಕ್ಲಚ್ ವೈರು, ಒಂದು ಗೂಟ, ಅಷ್ಟೇ, ಖರ್ಚಿಲ್ಲ. ಬೇಲಿ ಸಂದಿಯಲ್ಲಿ ಮಣ್ಣು ನಯವಾಗಿ ಸವೆದಿದ್ದು, ಕೆಳಗಿನ ತಂತಿಗೆ ಕೆಸರು ಮೆತ್ತಿ ನಾಲ್ಕು ಗಡಸು ಕೂದಲು ಅಂಟಿಕೊಂಡಿದ್ದರೆ ಅದು ಹಂದಿಯ ದಾರಿ. ತೊಂದರೆಯೆಂದರೆ, ಹಂದಿ ಬಿಡಿಸಿಕೊಟ್ಟ ದಾರಿಯಲ್ಲೇ ಚಿರತೆಯೂ ಓಡಾಡುತ್ತದೆ. ಚಹಾ ಗಿಡಗಳ ನಡುವೆ ನುಸುಳುವುದು ಅದಕ್ಕೂ ಕಷ್ಟವೇ. ತಲೆ ಮತ್ತು ಮುಂಗಾಲು ಉರುಳು ದಾಟಿದ ಮೇಲೆ ತಂತಿ ಸೊಂಟಕ್ಕೆ ಬೀಳುತ್ತದೆ. ಚಿರತೆ ಗೂಟವನ್ನು ಸುತ್ತುತ್ತದೆ, ಎಗರುತ್ತದೆ; ಪ್ರತಿ ಎಗರಿಗೂ ತಂತಿ ಒಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಎಲೆ ಕೀಳಲು ಬಂದವರಿಗೆ ಮೊದಲು ಕೇಳುವುದು ಅದರ ಗುರುಗುಟ್ಟುವಿಕೆ. ಆಮೇಲೆ ಅರಣ್ಯ ಇಲಾಖೆ, ಅರಿವಳಿಕೆ ಬಂದೂಕಿನೊಂದಿಗೆ ಪಶುವೈದ್ಯರು, ಮೊಬೈಲ್ ಹಿಡಿದ ಇಡೀ ಹಟ್ಟಿ. ಬಿಡಿಸಿಕೊಂಡು ಹೋದ ಚಿರತೆಯೂ ಒಳಗಿನ ಗಾಯಕ್ಕೆ ಸತ್ತೀತು.

“ನಾನು ಕಟ್ಟಿದ್ದು ಹಂದಿಗೆ” ಎಂದು ಆಗ ಹೇಳುವುದು ವಾಡಿಕೆ. ಹೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕುವುದು, ಬೋನಿಡುವುದು, ಮೇವಿನ ಆಸೆ ತೋರಿಸುವುದು, ಇವೆಲ್ಲದರ ಪ್ರಯತ್ನ ಕೂಡ ಬೇಟೆಯೇ. 2022ರ ತಿದ್ದುಪಡಿಯ ನಂತರ ಹಂದಿ ಎರಡನೇ ಅನುಸೂಚಿಯಲ್ಲಿದೆ: 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಚಿರತೆ ಮೊದಲನೆಯದರಲ್ಲಿ: ಕನಿಷ್ಠ 3, ಗರಿಷ್ಠ 7 ವರ್ಷ. ನಿಮ್ಮ ವಾದ ಒಪ್ಪಿಗೆಯಾದರೂ ಅನುಸೂಚಿ ಬದಲಾದೀತೇ ಹೊರತು ಅಪರಾಧ ಅಳಿಯುವುದಿಲ್ಲ. ಬೆಳೆ ಕಳೆದುಕೊಂಡವನ ಸಿಟ್ಟು ನ್ಯಾಯವಾದದ್ದೇ; ಪರಿಹಾರದ ಅರ್ಜಿ ಹಿಡಿದು ಅಲೆಯುವವನಿಗೆ ಕ್ಲಚ್ ವೈರು ಸುಲಭವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ವೈರಿಗೆ ಸಿಟ್ಟು ಯಾರ ಮೇಲೆಂದು ಗೊತ್ತಿರುವುದಿಲ್ಲ.

ಇನ್ನು ಕರಡಿಗೆ ಬೋನು ಇಡಲು ಅಪ್ಪಣೆ ಬೇಕು, ಇಡುವುದು ಇಲಾಖೆಯ ಕೆಲಸ. ನಿಮ್ಮ ಕೆಲಸ ಎಣ್ಣೆ, ಬೆಲ್ಲಗಳನ್ನು ಗಟ್ಟಿ ಬಾಗಿಲಿನ ಹಿಂದಿಡುವುದು. ಕೂನೂರು, ಕೋತಗಿರಿ ಕಡೆ ಗುಡಿಯ ದೀಪದೆಣ್ಣೆ ಕುಡಿಯಲೂ ಕರಡಿಗಳು ಬಂದಿವೆ.

ಹೀಗೆ ಒಂದೊಂದಾಗಿ ಕೈಬಿಟ್ಟು ಉಳಿಯುವುದು ಇಲಿ ಬೋನು. 2022ರ ತಿದ್ದುಪಡಿಯವರೆಗೆ ಇಲಿಗೂ ಉಪದ್ರವಿಗಳ ಪಟ್ಟಿಯಲ್ಲಿ, ಐದನೇ ಅನುಸೂಚಿಯಲ್ಲಿ, ಜಾಗವಿತ್ತು. ಈಗ ಆ ಅನುಸೂಚಿಯೇ ಇಲ್ಲ. ಕೊಳ್ಳುವಾಗ ಬಾಗಿಲಿನ ಸ್ಪ್ರಿಂಗನ್ನು ಅಂಗಡಿಯಲ್ಲೇ ಬೆರಳು ದೂರವಿಟ್ಟು ಪರೀಕ್ಷಿಸಿ. ಹೆಗ್ಗಣವಿದ್ದರೆ ದೊಡ್ಡ ಅಳತೆ ಕೇಳಿ. ಕೊಕ್ಕೆಗೆ ಮಸಾಲೆ ವಡೆ ಸಿಕ್ಕಿಸಿ, ನಿನ್ನೆಯದಾದರೂ ನಡೆದೀತು. ಸಿಕ್ಕಿದ್ದನ್ನು ಪಕ್ಕದ ಹಟ್ಟಿಯ ಅಂಚಿನಲ್ಲಿ ಬಿಟ್ಟು ಬರುವವರಿದ್ದಾರೆ. ಹಾಗೆ ಹೋಗುವಾಗ ಎದುರಿನಿಂದ ಯಾರಾದರೂ ಬೋನು ಹಿಡಿದು ಬಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.