ಗ್ಯಾಸ್ ಕಣೋ ತಮ್ಮಾ

ನಮ್ಮ ಮಾವನಿಗೆ ಹೃದಯವೇ ಇಲ್ಲ. ಕೆಟ್ಟವರು ಅಂತಲ್ಲ, ಆ ಜಾಗದಲ್ಲಿ ಅವರಿಗಿರುವುದು ಬರೀ ಗ್ಯಾಸು. ಎದೆ ಹಿಡಿದರೆ ಗ್ಯಾಸು, ಬೆನ್ನು ಹಿಡಿದರೆ ಗ್ಯಾಸು, ಅಡಿಕೆ ರೇಟು ಬಿದ್ದ ದಿನ ತಲೆ ಸುತ್ತಿದರೂ ಗ್ಯಾಸು. ಮದ್ದೂ ಒಂದೇ: ಶಿರಾಳಕೊಪ್ಪದ ಸರ್ಕಲ್ಲಿನ ನಿಂಬೆ ಸೋಡಾ, ಉಪ್ಪು ಸ್ವಲ್ಪ ಜಾಸ್ತಿ.

ಈ ಸಲ ಬನಶಂಕರಿಗೆ ಹಣ್ಣುಕಾಯಿ ಮಾಡಿಸಲಿಕ್ಕೆ ಮನೆಮಂದಿಯೆಲ್ಲ ಬಂದಳಿಕೆಗೆ ಹೋಗಿದ್ದೆವು. ಪೂಜೆ ಮುಗಿಸಿ ಹಳೇ ಗುಡಿಗಳ ಕಡೆ ಹೊರಟರೆ ಮಾವ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲತೊಡಗಿದರು. "ಏನ್ ಮಾವ, ಉಬ್ಬಸಾನಾ?" ಅಂದೆ. "ಇಲ್ವೋ, ಶಿಲ್ಪ ನೋಡ್ತಾ ಇದೀನಿ" ಅಂದರು. ಅವರು ನಿಂತ ಕಡೆ ಶಿಲ್ಪ ಇರಲಿಲ್ಲ, ಲಂಟಾನದ ಪೊದೆ ಇತ್ತು. ನಡೆದಾಗ ಎದೆ ಬಿಗಿಯುವುದು, ನಿಂತರೆ ಸಡಿಲವಾಗುವುದು: ಗ್ಯಾಸಿಗೆ ಇಷ್ಟು ಶಿಸ್ತು ಇರುವುದಿಲ್ಲ ಮಾವ, ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿದ್ದರೆ ಹೀಗಾಗುತ್ತದೆ ಅಂದೆ. "ಹಂಗಾದ್ರೆ ನಡೆಯೋದೇ ಬೇಡ" ಅಂತ ಶಾಂತಿನಾಥ ಬಸದಿಯ ಕಟ್ಟೆ ಮೇಲೆ ಕೂತುಬಿಟ್ಟರು.

ಕೂತವರು ಸುಮ್ಮನಿರಬೇಕಲ್ಲ. "ನೋಡೋ, ಸಾವಿರ ವರ್ಷದಿಂದ ನಿಂತಿವೆ ಈ ಕಂಬ. ಯಾವ ಮಾತ್ರೆ ನುಂಗಿದ್ವು? ಆಗಿನೋರಿಗೆ ಬಿಪಿ ಅಂದ್ರೇನು ಅಂತ್ಲೇ ಗೊತ್ತಿರ್ಲಿಲ್ಲ." ಗೊತ್ತಿರಲಿಲ್ಲ ನಿಜ, ಅಳೆಯುವ ಯಂತ್ರ ಇರಲಿಲ್ಲ. ಹಾಗಂತ ಕಾಯಿಲೆಯೂ ಇರಲಿಲ್ಲವೇ? ಇಲ್ಲೇ ಹತ್ತಿರದ ಬಳ್ಳಿಗಾವಿಯ ಕೋಡಿಯಮಠದಲ್ಲಿ ರೋಗಿಗಳಿಗೆ ಔಷಧಿ ಕೊಡುತ್ತಿದ್ದರು ಅಂತ 1162ರ ಶಾಸನವೇ ಹೇಳುತ್ತದೆ. ಇನ್ನು ಈ ಊರಿಗೆ ಬಂದಣಿಕೆ ಅನ್ನುತ್ತಿದ್ದ ಕಾಲದಲ್ಲಿ ಜಕ್ಕಿಯಬ್ಬೆ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡ ಮೇಲೆ ರಾಷ್ಟ್ರಕೂಟರ ಅಡಿಯಲ್ಲಿ ನಾಗರಖಂಡ ಎಪ್ಪತ್ತನ್ನು ಆಳಿದವಳು. ಮೈಗೆ ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಇಲ್ಲಿನ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು ಅಂತ 918ರ ಶಾಸನ. ಯಾವ ರೋಗ ಅಂತ ಬರೆದಿಲ್ಲ. ಗ್ಯಾಸ್ ಅಂತಂತೂ ಬರೆದಿಲ್ಲ. ಎಪ್ಪತ್ತು ಹಳ್ಳಿ ಬಿಟ್ಟುಕೊಟ್ಟಳು ಮಾವ, ನೀವು ಕಾರಿನ ಕೀ ಬಿಡಲ್ಲ ಅಂದೆ. ನಮ್ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು.

ನನ್ನ ಚೀಲದಲ್ಲಿ ಬಿಪಿ ಯಂತ್ರ ಇತ್ತು. (ವಯಸ್ಸಾದವರ ಜೊತೆ ಪ್ರವಾಸ ಹೋಗುವವನು ಕ್ಯಾಮೆರಾ ಮರೆತರೂ ಇದನ್ನು ಮರೆಯಬಾರದು.) ಮಾವನ ಕೈಯಲ್ಲಿ ಆಗಲೇ ಕವಳ. ಹೊಗೆಸೊಪ್ಪು ನಾಡಿಯನ್ನೇ ಓಡಿಸುತ್ತದೆ, ಅರ್ಧ ಗಂಟೆ ಕವಳ ಇಲ್ಲ, ಕಾಫಿ ಇಲ್ಲ, ಐದು ನಿಮಿಷ ಬೆನ್ನು ಆನಿಸಿ ತೆಪ್ಪಗೆ ಕೂರಬೇಕು, ಪಟ್ಟಿ ಎದೆಯ ಮಟ್ಟಕ್ಕೆ ಇರಬೇಕು ಅಂದೆ. ಎಲ್ಲ ಒಪ್ಪಿದರು, ತೆಪ್ಪಗಿರುವುದೊಂದನ್ನು ಬಿಟ್ಟು. "ಯಾರ್ ಕಂಡುಹಿಡಿದ್ರೋ ಈ ಹಾಳು ಯಂತ್ರಾನ?"

ಯಂತ್ರ ಆಮೇಲೆ ಬಂತು, ಮೊದಲು ಅಳೆಸಿಕೊಂಡಿದ್ದು ಕುದುರೆ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕುದುರೆಯನ್ನು ಕಟ್ಟಿ ಮಲಗಿಸಿ, ರಕ್ತನಾಳಕ್ಕೆ ಕೊಳವೆ ತೂರಿಸಿದ. ರಕ್ತ ಎಂಟು ಅಡಿಗಿಂತ ಮೇಲೇರಿತು ಅಂತ 1733ರಲ್ಲಿ ಪ್ರಕಟಿಸಿದ. "ಕಟ್ಟಿ ಮಲಗಿಸಿ ಚುಚ್ಚಿದ್ರೆ ಯಾವನಿಗೆ ಏರಲ್ಲ?" ಅಂದರು ಮಾವ. ಇದು ಮಾತ್ರ ನೂರಕ್ಕೆ ನೂರು ಸರಿ. ಬಿಳಿ ಕೋಟು ಕಂಡರೆ ಸಾಕು, ಎಷ್ಟೋ ಜನಕ್ಕೆ ಬಿಪಿ ಏರುತ್ತದೆ. ಅದಕ್ಕೇ ಒಂದೇ ಸಲ ನೋಡಿ ತೀರ್ಮಾನಿಸಬಾರದು.

ಯಂತ್ರ ಗುಂಯ್‌ಗುಟ್ಟಿ 158/96 ತೋರಿಸಿತು. 120/80ರ ಆಸುಪಾಸು ಇದ್ದರೆ ಚೆನ್ನ, ಮತ್ತೆ ಮತ್ತೆ 140/90 ದಾಟಿದರೆ ಬಿಪಿ ಅಂತ ಅರ್ಥ. ಮೋಟರು ನೀರು ತಳ್ಳುವಾಗಿನ ಒತ್ತಡ ಮೇಲಿನದು, ಬಿಡುವಿನಲ್ಲಿ ಪೈಪಿನಲ್ಲಿ ಉಳಿಯುವುದು ಕೆಳಗಿನದು; ಪೈಪು ಬಿಗಿಯಾದಷ್ಟೂ ಮೋಟರಿಗೆ ಹೊರೆ ಅಂತ ತೋಟದ ಭಾಷೆಯಲ್ಲೇ ಹೇಳಿದೆ. "ಸುಟ್ರೆ ಶಿಕಾರಿಪುರದಲ್ಲಿ ರಿವೈಂಡಿಂಗ್ ಮಾಡಿಸ್ತೀನಿ ಬಿಡು."

ರಿವೈಂಡಿಂಗ್‌ಗೆ ಹೊತ್ತು ಮೀರಬಾರದು ಮಾವ. ಎದೆ ಮೇಲೆ ಚಪ್ಪಡಿ ಇಟ್ಟ ಹಾಗೆ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು, ತಣ್ಣನೆಯ ಬೆವರು ಬಂದರೆ ಸೋಡಾ ಅಂಗಡಿ ಹುಡುಕದೆ 108ಕ್ಕೆ ಫೋನ್ ಮಾಡಬೇಕು. ಬಾಯಿ ಸೊಟ್ಟಗಾಗಿ ಒಂದು ಕೈ ಸೋತು ಮಾತು ತೊದಲಿದರೂ ಅಷ್ಟೇ, ಅದು ಮೆದುಳಿಗೆ ಹೊಡೆದ ಏಟು. ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, 2021ರಲ್ಲಿ ಜಿಮ್ ಮುಗಿಸಿದ ಬೆನ್ನಿಗೇ ಎದೆನೋವು ಬಂದು 46ನೇ ವಯಸ್ಸಿಗೇ ಹೋದ ಮೇಲೆ ಸರ್ಕಾರ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ರಕ್ತದ ಹೆಪ್ಪು ಕರಗಿಸುವ ಸಾವಿರಾರು ರೂಪಾಯಿಯ ಇಂಜೆಕ್ಷನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುಕ್ಕಟೆ. ಆದರೆ ಸೋಡಾ ಕುಡಿದು ಮೂರು ಗಂಟೆ ತೇಗಿ ಹೋದರೆ ಅದೂ ಅಷ್ಟಾಗಿ ಕೆಲಸ ಮಾಡಲ್ಲ. ಮಾವ ಈ ಕಥೆಯಿಂದ ತೆಗೆದ ಸಾರ ಬೇರೆ: "ನೋಡ್ದ್ಯಾ, ಜಿಮ್ಮಿಗೆ ಹೋಗ್ಬಾರ್ದು."

ಊಟಕ್ಕೆ ಬುತ್ತಿ ಬಿಚ್ಚಿದರೆ ಮೊದಲು ಹೊರಬಂದಿದ್ದು ಅಪ್ಪೆಮಿಡಿ. ಆ ಪರಿಮಳಕ್ಕೆ ನನ್ನ ವೈದ್ಯಕೀಯವೆಲ್ಲ ಒಂದು ಕ್ಷಣ ಮರೆತೇ ಹೋಯಿತು, ಸುಳ್ಳೇಕೆ. ಆದರೆ ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ; ಹೆಚ್ಚೆಂದರೆ ಒಂದು ಟೀ ಚಮಚ. ಮಾವ ಅಷ್ಟನ್ನು ಮಿಡಿಯ ರಸದಲ್ಲೇ ಮುಗಿಸಿ, ಸಾರಿಗೆ ಬೇರೆ ಉಪ್ಪು ಕೇಳುತ್ತಾರೆ.

"ನಂಗೂ ಒಂದ್ಸಲ ಕಟ್ಟೋ, ಸುಮ್ನೆ ನೋಡಣ" ಅಂದರು ಅತ್ತೆ, ಮಿಡಿ ಬಡಿಸಿ ಕೈ ತೊಳೆದು. ಅವರಿಗೆ ಯಾವ ಸುಸ್ತೂ ಇರಲಿಲ್ಲ. ಎಲ್ಲರಿಗಿಂತ ಮುಂದೆ ನಡೆದವರು, ಬುತ್ತಿ ಹೊತ್ತವರೂ ಅವರೇ. ಐದು ನಿಮಿಷ ಕೂರಿಸಿ ಕಟ್ಟಿದೆ. 176/104. ಇನ್ನೊಂದು ಸಲ ಕಟ್ಟಿದೆ. 174/104. ಬಿಪಿಗೆ ಬಾಯಿಲ್ಲ ಅನ್ನುವುದು ಇದಕ್ಕೇ. ಹೆಂಗಸರಲ್ಲಂತೂ ಹೃದಯಾಘಾತವೇ ಬಂದರೂ ಕೆಲವು ಸಲ ಎದೆನೋವಿನ ಬದಲು ಬರೀ ಸುಸ್ತು, ವಾಕರಿಕೆ. "ಮೂರು ದಿನದಿಂದ ದವಡೆ ನೋಯ್ತಿತ್ತು, ಹಲ್ಲು ಇರ್ಬೇಕು ಅಂತ ಸುಮ್ನಿದ್ದೆ" ಅಂದರು ಅತ್ತೆ.

ನಾನು ಮಾವನ ಮುಖ ನೋಡಿದೆ, ಇನ್ನೇನು ಗ್ಯಾಸ್ ಅನ್ನುತ್ತಾರೆ ಅಂತ. ಅವರು ಕೈಯಲ್ಲಿದ್ದ ಮಿಡಿಯನ್ನು ಎಲೆಯ ತುದಿಗಿಟ್ಟು ಎದ್ದರು, ಜೇಬಿನಿಂದ ಕೀ ತೆಗೆದು ಮಗಳ ಕೈಗೆ ಕೊಟ್ಟರು.

"ಆಸ್ಪತ್ರೆ ಕಡೆ ಬಿಡು ಪುಟ್ಟಿ, ಈಗ್ಲೇ. ನಂಗಲ್ಲ, ನಿಮ್ಮಮ್ಮಂಗೆ."